ಅಪ್ಪ ಫ್ರೇಮಿಗೆ ಬಂದ ಲೆಕ್ಕ

ಆರು ವಿಡಿಯೊಗಳ ಚಿತ್ರೀಕರಣದಲ್ಲಿ ಅಪ್ಪ ಒಟ್ಟು ಹತ್ತೊಂಬತ್ತು ಸಲ ಫ್ರೇಮಿಗೆ ಬಂದ. ಹದಿನೆಂಟು ಸಲ ನಾನು ಕೂಗಿ ಆಚೆ ಕಳಿಸಿದೆ. ಹತ್ತೊಂಬತ್ತನೆಯ ಸಲ, ಕೂಗಿದರೂ ಕೇಳಿಸದಷ್ಟು ದೂರ ಹೋಗಿದ್ದ. ಡೈರಿಯಲ್ಲಿ ಈ ಲೆಕ್ಕಕ್ಕೆ ಬೇರೆಯೇ ಪುಟ ಇಟ್ಟಿದ್ದೆ. ಅಪ್ಪ ಕಾಣದಂತೆ ನೋಡಿಕೊಳ್ಳುವುದು ನನಗೆ ವಹಿಸಿದ ಕೆಲಸಗಳಲ್ಲಿ ಒಂದಾಗಿತ್ತು.

ಕೆಲಸ ಕೊಟ್ಟವರು ಒಂದು ವಾಹನ ಕಂಪನಿಯವರು. ಅವರು ಹೊಸದಾಗಿ ಒಂದು ಪಿಕಪ್ ಟ್ರಕ್ ಬಿಟ್ಟಿದ್ದರು. ಮುಂದೆ ಕಾರಿನಂತೆ ಐದು ಜನ ಕೂರುವ ಜಾಗ, ಹಿಂದೆ ತೆರೆದ ಬಾಡಿ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ. ಕಲ್ಲು, ಕೆಸರು, ನೀರು, ಯಾವುದಕ್ಕೂ ನಿಲ್ಲುವುದಿಲ್ಲ ಎಂಬುದು ಅದರ ಹೆಗ್ಗಳಿಕೆ. ಅದನ್ನು ಕೊಳ್ಳಬೇಕಾದವರು ರಜೆ ಸಿಕ್ಕಾಗ ರಸ್ತೆ ಬಿಟ್ಟು ದಿನಗಟ್ಟಲೆ ತಿರುಗುವ, ಗಾಡಿಯಲ್ಲೇ ಅಡುಗೆ ಮಾಡಿಕೊಂಡು ಅದರ ಮೇಲೆಯೇ ಟೆಂಟು ಹಾಕಿ ಮಲಗುವ ಜನ. ಅದಕ್ಕೆ ಓವರ್‌ಲ್ಯಾಂಡಿಂಗ್ ಎನ್ನುತ್ತಾರೆ. ಅಣ್ಣ ಇದನ್ನೆಲ್ಲ ಒಂದು ಸಂಜೆ ಅಪ್ಪನಿಗೆ ಬಿಡಿಸಿ ಹೇಳಿದ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಕುರಿಯವ್ರು ಮಾಡ್ತಾರಲ್ಲ, ಅಂಗೆ," ಅಂದ.

"ಅಂಗಲ್ಲಪ್ಪ. ಇವ್ರು ಖುಷಿಗೆ ಹೋಗ್ತಾರೆ."

"ಕುರಿ ಇಲ್ದಂಗೆ?"

"ಕುರಿ ಇಲ್ದಂಗೆ."

ಅಪ್ಪ ಊಟಕ್ಕೆದ್ದ.

ಅಣ್ಣ ನಾಲ್ಕು ವರ್ಷದಿಂದ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದ. ಭಾನುವಾರ ಗೆಳೆಯನ ಹಳೆಯ ಜೀಪು ಕೇಳಿ ತಂದು, ಯಾವುದಾದರೂ ಗುಡ್ಡದ ಬುಡಕ್ಕೆ ಹೋಗಿ, ಅಲ್ಲಿ ಚಹಾ ಕಾಸಿ, ವಿಡಿಯೊ ಹಾಕುತ್ತಿದ್ದ. ಉಳಿದ ಆರು ದಿನ ಅಪ್ಪನ ಲಗೇಜ್ ಟೆಂಪೊ ಓಡಿಸುತ್ತಿದ್ದ. ಹದಿನೆಂಟು ತುಂಬಿದಾಗಿನಿಂದ ಅವನ ಬೆನ್ನ ಹಿಂದೆ ಯಾರದಾದರೂ ಈರುಳ್ಳಿ, ಯಾರದಾದರೂ ಸಿಮೆಂಟು, ಯಾರದಾದರೂ ಮದುವೆಯ ಬೀರು ಇದ್ದೇ ಇತ್ತು. ಹಿಂದೆ ಏನೂ ಇಲ್ಲದ ಗಾಡಿ ಓಡಿಸಬೇಕು ಎನ್ನುವುದು ಅವನ ಆಸೆ. ಇದನ್ನು ಅವನು ಯಾರ ಹತ್ತಿರವೂ ಹೀಗೆ ಹೇಳಿದ್ದಿಲ್ಲ. ನನಗೆ ಹೇಳಿದ್ದ.

ಕಂಪನಿಯ ಮಾತು ಹೀಗಿತ್ತು. ಆರು ವಿಡಿಯೊ, ಎಲ್ಲವೂ ನಮ್ಮ ಜಿಲ್ಲೆಯೊಳಗೇ. ಆರನೆಯದೂ ಅವರಿಗೆ ಒಪ್ಪಿಗೆಯಾದರೆ ಏಪ್ರಿಲಿನಿಂದ ದಕ್ಷಿಣದ ಎಲ್ಲ ರಾಜ್ಯಗಳಲ್ಲಿ ತೆಗೆಯುವ ದೊಡ್ಡ ಸರಣಿಗೂ ಅಣ್ಣನೇ ನಿರೂಪಕ, ಸಂಬಳದ ಕೆಲಸ. ಒಪ್ಪಿಗೆಯಾಗದಿದ್ದರೆ ಆರಕ್ಕೇ ಮುಗಿಯಿತು.

ಅಪ್ಪನ ಟೆಂಪೊದ ಗತಿಯೂ ಇದರ ಮೇಲೆ ನಿಂತಿತ್ತು. ಎಡಗಾಲಿನ ಮಂಡಿ ಕ್ಲಚ್ ತುಳಿದು ತುಳಿದು ಸವೆದಿದೆ, ಇನ್ನು ಓಡಿಸಬೇಡ ಎಂದು ಡಾಕ್ಟರು ಹೇಳಿದ್ದರು. ಅಣ್ಣ ಟೆಂಪೊ ನೋಡಿಕೊಳ್ಳುತ್ತಾನೆ ಎಂದುಕೊಂಡು ಅಪ್ಪ ಇನ್ನೂ ಅದನ್ನು ಇಟ್ಟುಕೊಂಡಿದ್ದ. ಅಣ್ಣನಿಗೆ ಕಂಪನಿಯ ಕೆಲಸ ಸಿಕ್ಕರೆ ಟೆಂಪೊ ಮಾರಬೇಕು. ಹೊಸದುರ್ಗದ ಕಡೆಯ ತೆಂಗಿನಕಾಯಿ ಸಾಹುಕಾರರೊಬ್ಬರು ಒಮ್ಮೆ ಬಂದು, ಟೈರನ್ನು ಒದ್ದು ನೋಡಿ ಹೋಗಿದ್ದರು. ಅದಾದ ಮೇಲೆ ಅಪ್ಪ ವಾರಕ್ಕೊಮ್ಮೆ ತೊಳೆಯುತ್ತಿದ್ದ ಟೆಂಪೊವನ್ನು ಎರಡು ಸಲ ತೊಳೆಯತೊಡಗಿದ, ಅಷ್ಟೆ.

ನಾನು ಹೊಳಲ್ಕೆರೆಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಯಾವ ದಿನ ಏನಾಯಿತು ಎಂದು ಡೈರಿ ಬರೆಯುವ ಅಭ್ಯಾಸ ಹೈಸ್ಕೂಲಿನಿಂದಲೂ ಇದೆ. ಇದನ್ನು ಅಣ್ಣ ಕಂಪನಿಯವರಿಗೆ ಹೇಳಿಬಿಟ್ಟಿದ್ದ. ಹಾಗಾಗಿ ಕಂಟಿನ್ಯುಟಿ ಎಂಬ ಕೆಲಸ ನನಗೆ ಬಂತು. ಒಂದು ಶಾಟಿನಲ್ಲಿ ಅಣ್ಣನ ಟೋಪಿ ಎಡಕ್ಕೆ ವಾಲಿದ್ದರೆ ಮುಂದಿನ ಶಾಟಿನಲ್ಲೂ ಎಡಕ್ಕೇ ವಾಲಿರಬೇಕು, ಇದನ್ನು ಬರೆದುಕೊಳ್ಳಬೇಕು. ಕೆಸರಿನದೇ ಹೆಚ್ಚು ಬರವಣಿಗೆ. ಟ್ರಕ್ಕಿಗೆ ಕೆಸರು ಹತ್ತಿರಬೇಕು, ಆದರೆ ಬಾಗಿಲಿನ ಹಿಡಿಗಿಂತ ಮೇಲೆ ಹೋಗಬಾರದು, ಅಲ್ಲಿ ಕಂಪನಿಯ ಗುರುತಿದೆ. ಜನವರಿಯಲ್ಲಿ ನಮ್ಮಲ್ಲಿ ಕೆಸರು ಎಲ್ಲಿಂದ ಬರಬೇಕು? ಬಕೆಟ್ಟಿನಲ್ಲಿ ಕಲಸಿ, ಮಗ್ಗಿನಲ್ಲಿ ಎರಚುತ್ತಿದ್ದೆವು. ಮೇಲೆ ಹಾರಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆವು.

ಕಂಪನಿಯ ಪರವಾಗಿ ಬೆಂಗಳೂರಿನಿಂದ ಒಬ್ಬ ಮೇಡಂ ಬಂದಿದ್ದರು. ಒಳ್ಳೆಯವರು, ಬಿಸಿಲಿಗೆ ಹೆದರುತ್ತಿರಲಿಲ್ಲ. ಅವರ ಜೊತೆ ಇದ್ದದ್ದು ಕ್ಯಾಮೆರಾದವನೊಬ್ಬ, ಡ್ರೋನ್ ಹಾರಿಸುವವನೊಬ್ಬ. ಸಾಮಾನು ಮಾತ್ರ ಬಹಳ. ಜನರೇಟರು, ಕುರ್ಚಿ, ನೀರಿನ ಕ್ಯಾನು, ಮಲಗಲು ಒಂದು ಟೆಂಟು, ತೋರಿಸಲು ಒಂದು ಟೆಂಟು. ಇದನ್ನು ಟ್ರಕ್ಕಿನಲ್ಲಿ ಹೇರುವಂತಿರಲಿಲ್ಲ. ಟ್ರಕ್ಕಿನ ಬಾಡಿ ಖಾಲಿ ಇರಬೇಕು, ಇಲ್ಲವೇ ಅದರಲ್ಲಿ ಒಂದು ಪುಟ್ಟ ಫ್ರಿಜ್ಜು ಮಾತ್ರ ಇರಬೇಕು ಎಂಬ ನಿಯಮ. ಸಾಮಾನು ಹೊರಲು ಒಂದು ಲಗೇಜ್ ಗಾಡಿ ಬೇಕಾಯಿತು. ಹಾಗೆ ಅಪ್ಪನ ಟೆಂಪೊ ಸೇರಿಕೊಂಡಿತು. ಅಣ್ಣ ಟ್ರಕ್ಕಿನಲ್ಲಿ ಇರಬೇಕಾದ್ದರಿಂದ, ಡಾಕ್ಟರು ಬೇಡ ಎಂದಿದ್ದರೂ ಅದನ್ನು ಅಪ್ಪನೇ ಓಡಿಸಿದ.

ಮೊದಲ ದಿನವೇ ಮೇಡಂ ಅಪ್ಪನಿಗೆ ಕೈ ಮುಗಿದು ಹೇಳಿದರು: "ಅಂಕಲ್, ಒಂದೇ ರಿಕ್ವೆಸ್ಟ್. ಟ್ರಕ್ ಹಿಂದೆ ನಿಮ್ಮ ಟೆಂಪೊ ಕಾಣಬಾರದು. ನೋಡೋರಿಗೆ ಇಲ್ಲಿ ಈ ಒಂದು ಗಾಡಿ ಬಿಟ್ಟು ಬೇರೇನೂ ಇಲ್ಲ ಅನ್ನಿಸಬೇಕು."

"ಆತು ಬಿಡ್ರಿ ಮೇಡಂ. ಹಿಂದೆ ಕಾಣಬಾರ್ದು. ಅಷ್ಟೇ ತಾನೆ?"

"ಅಷ್ಟೇ."

ಮೊದಲ ವಿಡಿಯೊ ಚಿತ್ರದುರ್ಗದಲ್ಲಿ, ಚಂದ್ರವಳ್ಳಿಯ ಆಚೆಗಿನ ಬಂಡೆಗಳ ನಡುವೆ. ಚಂದ್ರವಳ್ಳಿಯೊಳಗೆ ಗಾಡಿ ಬಿಡುವುದಿಲ್ಲ, ಬಿಡಲೂಬಾರದು. ಹಾಗಾಗಿ ಅದು ದೂರದಲ್ಲಿ ಕಾಣುವಂತೆ ಮಣ್ಣಿನ ದಾರಿಯೊಂದನ್ನು ಹಿಡಿದೆವು. ಅಪ್ಪ ಟೆಂಪೊವನ್ನು ದೊಡ್ಡ ಬಂಡೆಯ ಮರೆಗೆ ನಿಲ್ಲಿಸಿದ. ಅಣ್ಣ ಟ್ರಕ್ಕಿನ ಬಾನೆಟ್ಟಿಗೆ ಒರಗಿ, "ಈ ಮೌನ ಕೇಳಿಸಿಕೊಳ್ಳಿ," ಎಂದು ಕ್ಯಾಮೆರಾಕ್ಕೆ ಹೇಳಿ ಸುಮ್ಮನಾದ.

ಬಂಡೆಯ ಹಿಂದಿನಿಂದ ಅಪ್ಪ ಬಂದು, "ಚಿತ್ರಾನ್ನ ಈಗ್ಲೇ ತಿಂತೀರಾ, ಆಮ್ಯಾಕೋ?" ಅಂದ.

ಡೈರಿಯಲ್ಲಿ ಅದು ಒಂದನೆಯ ಗೆರೆ. ಸಂಜೆಗೆ ನಾಲ್ಕಾದವು. ಒಮ್ಮೆ ಮೂತ್ರಕ್ಕೆ ಹೊರಟಿದ್ದ, ಒಮ್ಮೆ ಟ್ರಕ್ಕಿನ ಕೆಳಗೆ ಬಗ್ಗಿ ಆಕ್ಸಲ್ ನೋಡಲು ಬಂದಿದ್ದ, ಇನ್ನೊಮ್ಮೆ ಯಾಕೆ ಬಂದನೆಂದು ಅವನಿಗೂ ಗೊತ್ತಿರಲಿಲ್ಲ.

ಎರಡನೆಯದು ನಮ್ಮ ಊರಿನಲ್ಲೇ, ತಾಳ್ಯದ ಹತ್ತಿರದ ಒಣ ಕೆರೆಯಂಗಳದಲ್ಲಿ. ಮೇಡಂ ಅವರೇ ಆರಿಸಿದ ಜಾಗ. ಅಣ್ಣನಿಗೆ ಬರೆದುಕೊಟ್ಟ ಮಾತಿನಲ್ಲಿ, "ಯಾರೂ ಕಾಲಿಡದ ಈ ಮಣ್ಣಿನಲ್ಲಿ" ಎಂದಿತ್ತು. ಅವನು ಏಳನೆಯ ಕ್ಲಾಸಿನಿಂದ ಕ್ರಿಕೆಟ್ ಆಡಿದ ಪಿಚ್ಚಿನ ಮೇಲೆ ನಿಂತು ಅದನ್ನು ಹೇಳಿದ. ವಿಕೆಟ್ಟಿಗೆ ಇಟ್ಟ ಮೂರು ಕಲ್ಲನ್ನು ನಾನು ಮೊದಲೇ ತೆಗೆದಿದ್ದೆ. ನೋಡಲು ಅರ್ಧ ಊರು ಬಂದು ಏರಿಯ ಮೇಲೆ ಕೂತಿತ್ತು. ಏರಿ ಫ್ರೇಮಿನಲ್ಲಿ ಬರುತ್ತಿರಲಿಲ್ಲ.

ಶಾಟು ಮುಗಿದ ಮೇಲೆ ಎಲ್ಲರೂ ಇಳಿದು ಬಂದು ಟ್ರಕ್ಕನ್ನು ಸುತ್ತುವರಿದರು. ನಮ್ಮ ಬೀದಿಯ ದೊಡ್ಡಪ್ಪ ಒಬ್ಬರು ಬಾಡಿಯೊಳಗೆ ಕೈ ಹಾಕಿ ಗೇಣಿನಲ್ಲಿ ಅಳೆದರು.

"ಎಷ್ಟು ಮೂಟೆ ಹಿಡಿತೈತ್ರಿ ಇದು?"

ಮೇಡಂ ನಗುತ್ತಾ, "ಸರ್, ಇದು ಲಗೇಜಿಗಲ್ಲ. ಲೈಫ್‌ಸ್ಟೈಲ್ ವೆಹಿಕಲ್," ಎಂದರು.

"ಅಂದ್ರೆ ಎಷ್ಟು?"

"ಇಲ್ಲ ಸರ್, ಇದ್ರಲ್ಲಿ ಮೂಟೆ ಹಾಕಲ್ಲ."

ದೊಡ್ಡಪ್ಪ ಅಣ್ಣನ ಕಡೆ ತಿರುಗಿ, "ಲೇ, ಮೇಡಂನೋರು ಹೇಳಾಕೆ ನಾಚ್ಕಂತಾರೆ. ನೀನು ಹೇಳು," ಅಂದರು.

ಅಣ್ಣ ಕೆಂಪಾಗಿ, "ಹದಿನೆಂಟು," ಅಂದ. ಅವನೂ ಒಳಗೊಳಗೇ ಅಳೆದಿದ್ದ ಎಂದು ನನಗೆ ಆಗ ಗೊತ್ತಾಯಿತು. ಆ ದಿನ ಅಪ್ಪನ ಗೆರೆ ಐದು. ಊರಿನವರ ಜೊತೆ ಮಾತಾಡುತ್ತಾ ನಡೆದು ಬರುವುದೇ ಅವನ ತಪ್ಪು.

ಮೂರನೆಯದು ಹೊಸದುರ್ಗದ ಕಡೆ, ಮಾರಿಕಣಿವೆ ಹಿನ್ನೀರಿನ ಅಂಚಿನಲ್ಲಿ. ಟ್ರಕ್ಕು ನೀರಿನ ಕಾಲುವೆಯೊಂದನ್ನು ದಾಟಿ ಬರುವುದನ್ನು ಎದುರು ದಡದಿಂದ ಹಿಡಿಯಬೇಕಿತ್ತು. ಅಣ್ಣ ಕಿಟಕಿ ಇಳಿಸಿ, ನೀರು ಎಷ್ಟು ಆಳ, ಗಾಡಿ ಎಷ್ಟು ಧೈರ್ಯದ್ದು ಎಂದು ಹೇಳುತ್ತಾ ದಾಟಿದ. ಒಳ್ಳೆಯ ಶಾಟು. ಮೇಡಂ ಚಪ್ಪಾಳೆ ಹೊಡೆದರು. ಆಮೇಲೆ ಏನೋ ನೆನಪಾದವರಂತೆ, "ಅಲ್ಲ, ಕ್ಯಾಮೆರಾ, ಜನರೇಟರ್ ಎಲ್ಲಾ ಈ ಕಡೆ ಹೇಗೆ ಬಂತು?" ಎಂದರು.

ಅಪ್ಪನ ಟೆಂಪೊದ ಚಕ್ರಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಆ ಸಂಜೆ ವಾಪಸು ಹೊರಟಾಗ ಮೇಡಂ ಇನ್ನೊಂದು ನೋಡಿದರು. ಟೆಂಪೊದಲ್ಲಿ ಜನರೇಟರಿನ ಸುತ್ತ ತೆಂಗಿನಕಾಯಿ ತುಂಬಿತ್ತು, ಕಾಯಿಯ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಇಬ್ಬರು ಹೆಂಗಸರು. ಹೊಳಲ್ಕೆರೆಯ ಆಸ್ಪತ್ರೆಗೆ ಬರುವವರಂತೆ.

"ಅಂಕಲ್, ನಾವು ಗಾಡಿಗೆ ಇಡೀ ದಿನದ ಬಾಡಿಗೆ ಕೊಡ್ತಿದೀವಲ್ವಾ?"

"ಕೊಡ್ತಿದೀರಿ, ಇಲ್ಲ ಅಂದ್ನಾ? ಆದ್ರೆ ಹೋಗಾವಾಗ ಅಷ್ಟು ದೂರ ಹೋಗಿ, ಬರಾವಾಗ ಜಾಗ ಇಟ್ಕಂಡು ಬರಾಕಾಗ್ತೈತಾ ಮೇಡಂ? ರಿಟರ್ನ್ ಲೋಡು ಇಲ್ದೆ ನಾನು ಈ ದಾರೀಲಿ ಯಾವತ್ತೂ ಬಂದಿಲ್ಲ. ಯಾರಾದ್ರೂ ನೋಡಿದ್ರೆ ಏನಂತಾರೆ?"

ಲಗೇಜ್ ಗಾಡಿಯವರಿಗೆ ಇದು ಲಾಭದ ಮಾತಷ್ಟೇ ಅಲ್ಲ, ಮರ್ಯಾದೆಯ ಮಾತೂ ಹೌದು. ಖಾಲಿ ಬಂದರೆ ಆ ಊರಲ್ಲಿ ಇವನನ್ನು ಯಾರೂ ಕೂಗಲಿಲ್ಲ ಎಂದರ್ಥ. ಮೇಡಂ ವಾದಿಸಲಿಲ್ಲ. ಹೆಂಗಸರಲ್ಲಿ ವಯಸ್ಸಾದವರನ್ನು ಟ್ರಕ್ಕಿನ ಎ.ಸಿ. ಸೀಟಿಗೆ ಕರೆದರು. ಅವರು ಬರಲಿಲ್ಲ. ಕಿಟಕಿ ಮುಚ್ಚಿದರೆ ವಾಂತಿ ಬರುತ್ತದೆ ಎಂದರು. ಆ ದಿನ ಅಪ್ಪನ ಗೆರೆ ಎರಡು.

ನಾಲ್ಕನೆಯದಕ್ಕೂ ಐದನೆಯದಕ್ಕೂ ಜಾಗ ಹುಡುಕುವುದೇ ಕಷ್ಟವಾಯಿತು. ಕಂಪನಿಗೆ ಬೇಕಾದದ್ದು ಮನುಷ್ಯರ ಗುರುತೇ ಇಲ್ಲದ ಗುಡ್ಡ. ನಮ್ಮ ಜಿಲ್ಲೆಯ ಗುಡ್ಡಗಳ ಮೇಲೆಲ್ಲ ಕರೆಂಟು ತೆಗೆಯುವ ಗಾಳಿ ಫ್ಯಾನುಗಳು ಸಾಲಾಗಿ ನಿಂತಿವೆ. ಎತ್ತ ಕ್ಯಾಮೆರಾ ತಿರುಗಿಸಿದರೂ ಒಂದು ರೆಕ್ಕೆ ಬರುತ್ತಿತ್ತು. ಅಣ್ಣ ಟ್ರಕ್ಕನ್ನು ಅದಕ್ಕೆ ಅಡ್ಡ ನಿಲ್ಲಿಸಿದರೆ, ಟ್ರಕ್ಕಿನ ನೆತ್ತಿಯ ಮೇಲೆ ರೆಕ್ಕೆ ತಿರುಗುವಂತೆ ಕಾಣುತ್ತಿತ್ತು. ಒಂದು ಗುಡ್ಡದ ಬುಡದಲ್ಲಿ ಮಧ್ಯಾಹ್ನ ಕಳೆದು, ಹಿರಿಯೂರಿನ ಬಯಲಿನಲ್ಲಿ ಇನ್ನೆರಡು ದಿನ ಕಳೆದು, ಎರಡನ್ನೂ ಹೇಗೋ ಮುಗಿಸಿದೆವು. ಅಪ್ಪನದು ಎರಡೂ ಸೇರಿ ಏಳು. ಆದರೆ ಕಂಪನಿಗೆ ಐದೂ ಹಿಡಿಸಿದ್ದವು. ಮೇಡಂ ಅವರ ಮೇಲಿನವರು ಅಣ್ಣನಿಗೆ ಫೋನ್ ಮಾಡಿ, ಆರನೆಯದೂ ಹೀಗೆಯೇ ಬರಲಿ, ಉಳಿದದ್ದು ಆಮೇಲೆ ಮಾತಾಡೋಣ ಎಂದಿದ್ದರು. ಅಣ್ಣ ಆ ರಾತ್ರಿ ಊಟ ಮಾಡಲಿಲ್ಲ. ಹಸಿವಿಲ್ಲ ಅಂದ. ಅಪ್ಪನೂ, "ನನಗೂ ಸಾಕು," ಎಂದು ಅರ್ಧಕ್ಕೆ ಎದ್ದ.

ಆರನೆಯದು ಧರ್ಮಪುರದ ಆಚೆ, ಆಂಧ್ರದ ಗಡಿಯ ಹತ್ತಿರ. ಅಲ್ಲಿ ಫ್ಯಾನಿಲ್ಲದ ಒಂದು ಕಲ್ಲುಗುಡ್ಡ ಸಿಕ್ಕಿತ್ತು. ಸುತ್ತ ಶೇಂಗಾ ಕಿತ್ತು ಬಿಟ್ಟ ಹೊಲಗಳು. ಇಡೀ ವಿಡಿಯೊ ಒಂದೇ ಶಾಟಿನ ಮೇಲೆ ನಿಂತಿತ್ತು. ಬೆಳಗಿನ ಎಳೆ ಬಿಸಿಲಿನಲ್ಲಿ ಟ್ರಕ್ಕು ಗುಡ್ಡದ ಬುಡದಿಂದ ನೆತ್ತಿಗೆ ಏರಬೇಕು, ಡ್ರೋನು ಅದರ ಹಿಂದಿನಿಂದ ಮೇಲೇಳುತ್ತಾ ಹೋಗಬೇಕು, ಅಣ್ಣ ಒಳಗಿನಿಂದ, "ಇಲ್ಲಿಗೆ ಈವರೆಗೆ ಯಾವ ಗಾಡಿಯೂ ಬಂದಿಲ್ಲ," ಎನ್ನಬೇಕು. ಆ ಬಿಸಿಲು ಕಾಲು ಗಂಟೆ ಮಾತ್ರ ಇರುತ್ತದೆ. ಅವತ್ತೇ ಮಧ್ಯಾಹ್ನ ಟ್ರಕ್ಕು ಬೆಂಗಳೂರಿಗೆ ವಾಪಸು ಹೋಗಬೇಕಿತ್ತು, ಬೇರೆ ಕಡೆ ಒಪ್ಪಿಸುವುದಿತ್ತು. ಇನ್ನೊಂದು ಬೆಳಗು ಸಿಗುವಂತಿರಲಿಲ್ಲ.

ನಾವು ಸಾಮಾನು ಇಳಿಸಿ, ಕೆಸರು ಎರಚಿ, ಸೂರ್ಯನನ್ನು ಕಾಯುತ್ತಿದ್ದೆವು. ಹೊಲದ ಬದುವಿನ ಮೇಲೆ ಒಬ್ಬ ಹೆಂಗಸು ಬಂದಳು. ಕುರಿಯವಳು. ಎರಡು ಕಂಕುಳಲ್ಲೂ ಎರಡೆರಡು ಮರಿ, ಹಿಂದೆ ಕುಂಟುತ್ತಾ ಒಂದು ತಾಯಿ ಕುರಿ. ಅವಳ ಮಂದೆ ಗುಡ್ಡವನ್ನು ಬಳಸಿಕೊಂಡು ಆಗಲೇ ಮುಂದೆ ಹೋಗಿತ್ತು. ಅಂದು ಗುಡ್ಡದಾಚೆಯ ಹೊಲವೊಂದರಲ್ಲಿ ಮಂದೆ ನಿಲ್ಲಿಸುವುದಾಗಿ ಒಪ್ಪಿದ್ದರು. ಕುರಿ ರಾತ್ರಿಯೆಲ್ಲ ಅಲ್ಲಿ ಮಲಗಿದರೆ ಹೊಲಕ್ಕೆ ಗೊಬ್ಬರ, ಹೊಲದವನು ಇವರಿಗೆ ಜೋಳ, ರಾಗಿ ಕೊಡುತ್ತಾನೆ. ಹಿಂದಿನ ರಾತ್ರಿ ಹುಟ್ಟಿದ ಮರಿಗಳು ಅಷ್ಟು ದೂರ ನಡೆಯುವಂತಿರಲಿಲ್ಲ.

ಆಕೆ ನಮ್ಮನ್ನು ಏನೂ ಕೇಳಲಿಲ್ಲ. ಟ್ರಕ್ಕಿನ ಬಾಡಿ ಖಾಲಿ ಇದೆ ಎಂದು ನೋಡಿದಳು. ಮೂತಿ ಗುಡ್ಡದ ಕಡೆಗಿದೆ ಎಂದು ನೋಡಿದಳು. ಹಿಂದಿನ ಬಾಗಿಲಿನ ಮೇಲಿಂದ ಒಂದು ಮರಿಯನ್ನು ಒಳಗಿಟ್ಟಳು. ಇನ್ನೊಂದನ್ನು ಇಡುವಷ್ಟರಲ್ಲಿ ಮೇಡಂ "ಅಯ್ಯೋ" ಅಂದರು.

ಅಣ್ಣ ಇಳಿದು ಬಂದ. ಹತ್ತು ವರ್ಷದ ಚಾಲನೆಯಲ್ಲಿ ಅವನು ಯಾರ ಲೋಡನ್ನೂ ಬೇಡ ಎಂದದ್ದನ್ನು ನಾನು ನೋಡಿರಲಿಲ್ಲ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. ನಾನು ಟೋಪಿಯ ದಿಕ್ಕು ಬರೆದುಕೊಂಡೆ.

"ಅಮ್ಮಾ, ಇದು ಲಗೇಜ್ ಗಾಡಿ ಅಲ್ಲ."

ಆಕೆ ಟ್ರಕ್ಕನ್ನು ಮುಂದಿನಿಂದ ಹಿಂದಿನವರೆಗೆ ನೋಡಿದಳು. "ಮತ್ತೆ ಹಿಂದ್ಗಡೆ ಇಷ್ಟು ಜಾಗ ಯಾಕಪ್ಪ ಬಿಟ್ಟವ್ರೆ?"

ಅಣ್ಣ ಮೇಡಂ ಕಡೆ ನೋಡಿದ. ಮೇಡಂ ಬಹಳ ವರ್ಷದಿಂದ ಆ ಕಂಪನಿಯಲ್ಲಿದ್ದವರು. ಅವರೂ ಬಾಡಿಯೊಳಗೆ ಇಣುಕಿ ನೋಡಿದರು.

"ಶೂಟಿಂಗ್ ಐತಮ್ಮಾ. ಹಾಕಂಗಿಲ್ಲ," ಅಂದ ಅಣ್ಣ. ಕಿವಿಯವರೆಗೆ ಕೆಂಪಾಗಿದ್ದ.

"ಆತು ಬಿಡಪ್ಪ. ನಿಮ್ಮ ಗಾಡಿ," ಎಂದು ಆಕೆ ಮರಿಗಳನ್ನು ತೆಗೆದುಕೊಂಡಳು. ಸಿಟ್ಟೇನೂ ಇರಲಿಲ್ಲ. ಆದರೆ ಅಣ್ಣನ ಮುಖವನ್ನು ಒಂದು ಸಲ ಸರಿಯಾಗಿ ನೋಡಿದಳು, ಮುಂದೆ ಎಲ್ಲಾದರೂ ಸಿಕ್ಕರೆ ಗುರುತು ಹಿಡಿಯಬೇಕು ಎನ್ನುವಂತೆ.

ಅಪ್ಪ ಅಷ್ಟರಲ್ಲಿ ಟೆಂಪೊದ ಹಿಂದಿನ ಚಿಲಕ ತೆಗೆದಿದ್ದ. "ಇಲ್ಲಿ ತಾರವ್ವ. ಎಲ್ಲಿಗೆ, ಗುಡ್ಡದಾಚೀಗಾ?"

"ಹ್ಞೂಂ ಕಣಪ್ಪ. ಬೇವಿನ ಮರದ ಹೊಲ."

"ಗೊತ್ತೈತೆ ಬಾ. ಶೇಂಗಾ ತರಾಕೆ ಬಂದೀನಿ ಅಲ್ಲಿಗೆ."

ತಾಯಿ ಕುರಿಯನ್ನು ಅಪ್ಪನೂ ಆಕೆಯೂ ಸೇರಿ ಎತ್ತಿ ಹಾಕಿದರು. ಆಕೆ ಮರಿಗಳ ಜೊತೆ ಹಿಂದೆಯೇ ಕೂತಳು. ಅಪ್ಪ ಸ್ಟಾರ್ಟ್ ಮಾಡುವ ಮುಂಚೆ ನನ್ನನ್ನು ಕರೆದು, "ಶಾಟು ಎಷ್ಟೊತ್ತಿಗವ್ವ?" ಎಂದು ಕೇಳಿದ. ಇನ್ನೂ ಹತ್ತು ನಿಮಿಷ ಇದೆ ಅಂದೆ. "ಅಷ್ಟ್ರಾಗೆ ಹೋಗಿರ್ತೀನಿ ಬಿಡು," ಅಂದ. ನಾನು ಅವನು ಗುಡ್ಡ ಬಳಸಿಕೊಂಡು ಹೋಗುತ್ತಾನೆ ಎಂದುಕೊಂಡೆ. ಕೇಳಬೇಕಿತ್ತು.

ಬಿಸಿಲು ನಾವಂದುಕೊಂಡದ್ದಕ್ಕಿಂತ ಮೊದಲೇ ಬಂತು. ಮೇಡಂ "ಈಗ, ಈಗ!" ಎಂದು ಕೂಗಿದರು. ಡ್ರೋನು ಎದ್ದಿತು. ಟ್ರಕ್ಕು ಕಲ್ಲುಗಳ ಮೇಲೆ ತೂಗುತ್ತಾ ಏರತೊಡಗಿತು. ನಾವು ಮೂವರು ಡ್ರೋನಿನ ಪುಟ್ಟ ಪರದೆಯ ಮೇಲೆ ಬಗ್ಗಿದ್ದೆವು. ಕೆಂಪು ಮಣ್ಣು, ಉದ್ದ ನೆರಳು, ನಡುವೆ ಹೊಳೆಯುವ ಗಾಡಿ. ಅಷ್ಟು ಚಂದದ ಚಿತ್ರವನ್ನು ಆರು ವಿಡಿಯೊದಲ್ಲಿ ನಾನು ನೋಡಿರಲಿಲ್ಲ. ಡ್ರೋನು ಇನ್ನಷ್ಟು ಮೇಲೆ ಹೋಯಿತು. ಗುಡ್ಡದ ನೆತ್ತಿ ಕಾಣಿಸಿತು. ನೆತ್ತಿಯ ಸ್ವಲ್ಪ ಕೆಳಗೆ, ಟ್ರಕ್ಕಿಗಿಂತ ಬಹಳ ಮುಂದೆ, ಅಪ್ಪನ ಟೆಂಪೊ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು.

ಅಣ್ಣನ ಮೈಕಿನಿಂದ ನಮಗೆ ದನಿ ಕೇಳಿಸುತ್ತಿತ್ತು. "ಇಲ್ಲಿಗೆ ಈವರೆಗೆ," ಎಂದು ಶುರುಮಾಡಿ ನಿಂತ. ಎಂಜಿನ್ನಿನ ಸದ್ದು. ಆಮೇಲೆ ಅವನ ಮನೆಯ ಮಾತಿನ ದನಿ: "ಅಯ್ಯಯ್ಯೋ, ನಮ್ಮಪ್ಪ ಆಗ್ಲೇ ಮ್ಯಾಲೆ ಹೋಗವ್ನೆ."

ನಾನು ಕೂಗಿದೆ. ಮೊದಲೇ ಬರೆದಿದ್ದೇನೆ, ದೂರ ಇತ್ತು.

ಟ್ರಕ್ಕನ್ನು ಹಿಂದಕ್ಕೆ ತಂದು ಮತ್ತೆ ಏರಿಸುವಷ್ಟರಲ್ಲಿ ಬಿಸಿಲು ಬೆಳ್ಳಗಾಗಿತ್ತು. ಮುಕ್ಕಾಲು ಗಂಟೆಯ ಮೇಲೆ ಅಪ್ಪ ವಾಪಸು ಬಂದ. ಟೆಂಪೊದಲ್ಲಿ ಆರು ಮೂಟೆ ಶೇಂಗಾ ಇತ್ತು. ಮೇಡಂ ಕುರ್ಚಿಯಲ್ಲಿ ಕೂತು ಹಣೆ ಹಿಡಿದುಕೊಂಡಿದ್ದರು.

"ಅಂಕಲ್, ಕಾಣಬಾರದು ಅಂದಿದ್ದೆ ಅಲ್ವಾ?"

"ಹಿಂದೆ ಕಾಣಬಾರ್ದು ಅಂದಿದ್ರಿ ಮೇಡಂ," ಅಂದ ಅಪ್ಪ. ನಿಜವಾಗಿಯೂ ಗಾಬರಿಯಾಗಿದ್ದ. "ಅದಕ್ಕೇ ಮುಂದೆ ಹೋದೆ."

ಅಣ್ಣ ಸಾಮಾನು ಹೇರಿದ. ಶೇಂಗಾ ಮೂಟೆಗಳ ನಡುವೆ ಜನರೇಟರು ಸರಿಯಾಗಿ ಕೂರುವಂತೆ ಹಗ್ಗ ಬಿಗಿದ. ಊರಿನವರೆಗೆ ಟೆಂಪೊವನ್ನು ಅವನೇ ಓಡಿಸಿದ, ಅಪ್ಪನ ಮಂಡಿ ಊದಿತ್ತು. ದಾರಿಯಲ್ಲಿ ಒಂದೇ ಸಲ ಅಪ್ಪ, "ಕೆಲ್ಸ ಹೋತೇನಲೇ?" ಅಂದ. "ಗೊತ್ತಿಲ್ಲಪ್ಪ," ಅಂದ ಅಣ್ಣ. ನಾನು ನಡುವೆ ಕೂತಿದ್ದೆ.

ಎಂಟು ದಿನ ಫೋನು ಬರಲಿಲ್ಲ. ಒಂಬತ್ತನೆಯ ದಿನ ಮೇಡಂ ಮಾಡಿದರು. ಮೇಲಿನವರು ಶಾಟು ನೋಡಿ ಬಿಡಲಾರರಂತೆ, ಅಷ್ಟು ಚೆನ್ನಾಗಿದೆಯಂತೆ. ಟೆಂಪೊವನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಾರಂತೆ. ಆದರೆ ಅಣ್ಣನ ಮಾತು ಹೊಸದಾಗಿ ಬೇಕು. ಅದನ್ನು ಮಾತಾಡಿ ಕಳಿಸಿದ ದಿನವೇ ಆ ದೊಡ್ಡ ಸರಣಿಯ ಕೆಲಸದ ಕಾಗದ ಕಳಿಸುತ್ತೇವೆ ಎಂದರು. ಅದರ ಕರಡನ್ನು ಮೊದಲೇ ಫೋನಿಗೆ ಕಳಿಸಿದ್ದರು, ಅದರಲ್ಲಿ ಒಂದು ಷರತ್ತೂ ಇತ್ತು: ಚಿತ್ರೀಕರಣದಲ್ಲಿ ಏನು ನಡೆಯಿತು ಎಂಬುದನ್ನು ಹೊರಗೆ ಯಾರಿಗೂ ಹೇಳುವಂತಿಲ್ಲ. ಇಂಗ್ಲಿಷಿನಲ್ಲಿದ್ದ ಅದನ್ನು ಅಣ್ಣನಿಗೆ ನಾನೇ ಎರಡು ಸಲ ಓದಿ ಹೇಳಿದೆ.

ಮದುವೆ ವಿಡಿಯೊ ಮಾಡುವವರ ಸ್ಟುಡಿಯೊ ಒಂದು ಚಿತ್ರದುರ್ಗದಲ್ಲಿದೆ. ಅಲ್ಲಿಗೆ ಹೋದೆವು. ಅಣ್ಣ ಗಾಜಿನ ಕೋಣೆಯಲ್ಲಿ ಕೂತು ಹೇಳಿದ: "ಇಲ್ಲಿಗೆ ಈವರೆಗೆ ಯಾವ ಗಾಡಿಯೂ ಬಂದಿಲ್ಲ." ಸ್ಟುಡಿಯೊದವರು ಹೆಬ್ಬೆರಳೆತ್ತಿದರು. ಅಣ್ಣ, ಇನ್ನೊಂದು ಸಲ ಅಂದ. ಮತ್ತೆ ಇನ್ನೊಂದು ಸಲ. ಆರು ಸಲ ಹೇಳಿದ. ನನಗೆ ಆರೂ ಒಂದೇ ತರಹ ಕೇಳಿಸಿದವು. ಕೊನೆಗೆ ಮೊದಲನೆಯದನ್ನೇ ಕಳಿಸಿದೆವು. ಸಂಜೆಗೆ ಕಾಗದ ಬಂತು. ಅಣ್ಣ ಸಹಿ ಮಾಡಿದ. ಅಮ್ಮ ಕೇಸರಿಬಾತ್ ಮಾಡಿದಳು.

ವಿಡಿಯೊ ಬಿಡುಗಡೆಯಾದ ದಿನ ಮನೆಯಲ್ಲಿ ಎಲ್ಲರೂ ಒಂದೇ ಫೋನಿನ ಸುತ್ತ ಕೂತು ನೋಡಿದೆವು. ಟೆಂಪೊವನ್ನು ಬಹಳ ಚೊಕ್ಕವಾಗಿ ಅಳಿಸಿದ್ದರು. ಧೂಳನ್ನು ಮಾತ್ರ ಅಳಿಸಲಾಗಿರಲಿಲ್ಲ, ಅದನ್ನು ತೆಗೆದರೆ ಗುಡ್ಡದ ಅಂಚೂ ಕಿತ್ತು ಬರುತ್ತದೆ ಎಂದು ಎಡಿಟರು ಹೇಳಿದ್ದರಂತೆ. ಹಾಗಾಗಿ ಟ್ರಕ್ಕಿಗಿಂತ ಮುಂದೆ, ಯಾರೂ ಇಲ್ಲದ ಗುಡ್ಡದ ಮೇಲೆ, ಧೂಳು ತಾನೇ ತಾನಾಗಿ ಏರಿಕೊಂಡು ಹೋಗುತ್ತಿತ್ತು. ಒಬ್ಬರು ಕೆಳಗೆ, ಅದೇನು ದೆವ್ವವಾ ಎಂದು ಬರೆದಿದ್ದರು. ಕಂಪನಿಯವರು, ಆ ಭಾಗದಲ್ಲಿ ಗಾಳಿ ಜಾಸ್ತಿ ಎಂದು ಉತ್ತರ ಕೊಟ್ಟಿದ್ದರು.

ಅಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. "ಅದು ನನ್ನ ಧೂಳು," ಅಂದ.

ಅಣ್ಣ ಎದ್ದು ಹೊರಗೆ ಹೋದ.

ಮುಂದಿನ ಭಾನುವಾರ ತೆಂಗಿನಕಾಯಿ ಸಾಹುಕಾರರು ಬಂದರು. ಟೆಂಪೊ ಅಂಗಳದಲ್ಲಿ ತೊಳೆದು ನಿಂತಿತ್ತು. ಬಾಗಿಲು ತೆಗೆದು ಹಾಕಿ, ಎಂಜಿನ್ನಿಗೆ ಕಿವಿಗೊಟ್ಟು, ಸುತ್ತ ಎರಡು ಸುತ್ತು ಬಂದರು.

"ಎಲ್ಲ ಚೆನ್ನಾಗೈತೆ. ಆದ್ರೆ ನಮ್ಮ ತೋಟ ದಿಬ್ಬದ ಮ್ಯಾಲೈತೆ ಕಣಯ್ಯಾ. ಹಳೇ ಗಾಡಿ, ಹತ್ತುತ್ತೋ ಇಲ್ವೋ."

ಅಪ್ಪ ನನ್ನ ಕೈಯಿಂದ ಫೋನು ಇಸಿದುಕೊಂಡ. ಆರನೆಯ ವಿಡಿಯೊ ಹಾಕಿಸಿ ಅವರಿಗೆ ಕೊಟ್ಟ. "ನೋಡ್ರಿ ಇಲ್ಲಿ. ಧರ್ಮಪುರದ ಗುಡ್ಡ. ಮುಂದೆ ಹೋಗ್ತಿರೋದು ನಂದು."

"ಎಲ್ಲೈತೆ? ನನಗೆ ಹಿಂದಿನ ಜೀಪೇ ಕಾಣ್ತೈತೆ."

"ಅದರ ಮುಂದೆ. ಧೂಳು ಕಾಣ್ತೈತಲ್ಲ."

"ಧೂಳಿಗೆ ದುಡ್ಡು ಕೊಡ್ಲೇನಯ್ಯಾ? ಗಾಡಿ ಎಲ್ಲಿ?"

"ಕಂಪನಿಯವ್ರು ಅಳಿಸವ್ರೆ."

"ಯಾಕೆ ಅಳಿಸ್ತಾರೆ?"

"ಅವರದಕ್ಕಿಂತ ಮುಂದಿತ್ತಲ್ಲ."

ಸಾಹುಕಾರರು ಅಪ್ಪನನ್ನು ಅನುಮಾನದಿಂದ ನೋಡಿದರು. ಅಷ್ಟರಲ್ಲಿ ಫೋನಿನಿಂದ ಅಣ್ಣನ ದನಿ ಬಂತು: ಇಲ್ಲಿಗೆ ಈವರೆಗೆ ಯಾವ ಗಾಡಿಯೂ ಬಂದಿಲ್ಲ. ಸಾಹುಕಾರರು ಜಗುಲಿಯ ಮೇಲೆ ಕೂತಿದ್ದ ಅಣ್ಣನ ಕಡೆ ತಿರುಗಿದರು. ಅವನು ಕಂಪನಿ ಕಳಿಸಿದ್ದ ಹೊಸ ಟೀ ಶರ್ಟು ಹಾಕಿಕೊಂಡಿದ್ದ. ಮಾರನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವವನಿದ್ದ.

"ಏನಪ್ಪ, ನೀನೇ ಇಲ್ಲಿ ಯಾವ ಗಾಡೀನೂ ಬಂದಿಲ್ಲ ಅಂತೀಯ. ನಿಮ್ಮಪ್ಪ ನಂದು ಹೋಗೈತೆ ಅಂತಾನೆ. ಯಾರದು ನಂಬಾಣ?"

ಅಪ್ಪ ತಲೆ ತಗ್ಗಿಸಿ ಟೈರಿಗೆ ಹತ್ತಿದ್ದ ಸಣ್ಣ ಕಲ್ಲೊಂದನ್ನು ಕೀಳತೊಡಗಿದ. ನಾನು ಅಣ್ಣನನ್ನು ನೋಡಿದೆ. ಷರತ್ತನ್ನು ಎರಡು ಸಲ ಓದಿ ಹೇಳಿದವಳು ನಾನೇ.

ಅಣ್ಣ ಜಗುಲಿಯಿಂದ ಇಳಿದು ಬಂದು ಅಪ್ಪನ ಪಕ್ಕ ನಿಂತ.

"ಹೋಗೈತ್ರಿ," ಅಂದ. "ಕುರಿ ಹೇರ್ಕಂಡು ನೆತ್ತಿಯವರೆಗೂ ಹೋಗೈತೆ. ನಾನು ಹಿಂದೆ ಇದ್ದೆ, ಕಣ್ಣಾರೆ ನೋಡೀನಿ."

ಸಾಹುಕಾರರು ಇನ್ನೊಂದು ಸಲ ಧೂಳನ್ನು ನೋಡಿ, ಫೋನು ನನಗೆ ಕೊಟ್ಟು, ಅಪ್ಪನ ಹತ್ತಿರ ಕೀ ಕೇಳಿದರು.